ಈ ಬಡಿತ ಯಾರದು

ದಡ್ಡಿ, ತಾ. ಹುಕ್ಕೇರಿ
೯ ಜನವರಿ ೨೦೨೫

ಚಿರಂಜೀವಿ ದ್ರಾಕ್ಷಾಯಿಣಿಗೆ,

ನಾ ಡೊಳ್ಳು ಕೊಳ್ಳಿಗೆ ಹಾಕ್ಕೊಂಡು ಮೂರು ಸಲ ಜೋರಾಗಿ ಬಡದ್ರ ಹಿಡಕಲ್ ಡ್ಯಾಮಿನ ಗೇಟು ತಾವಾ ತೆರಕೊಂತಾವ. ಹೋದ ಮಳಿಗಾಲದಾಗ ಇಂಜಿನಿಯರ ಸಾಹೇಬ್ರು ಮನಿತನಕ ಜೀಪು ತಗೊಂಡು ಬಂದು, "ಸಿದ್ರಾಯಣ್ಣಾರ, ಈ ವಾರ ಸ್ವಲ್ಪ ಮೆತ್ತಗ ಬಾರಸ್ರಿ" ಅಂತ ಕೈಮುಗದು ಹೋದ್ರು. ಅಂಥಾ ಸಿದ್ರಾಯ ನಿನಗ ಇಪ್ಪತ್ತಮೂರು ಸಲ ಫೋನ್ ಹಚ್ಚ್ಯಾನ. ಡ್ಯಾಮು ಕೇಳತೈತಿ, ಅಣ್ಣನ ಮಗಳು ನೀ ಕೇಳವಲ್ಲಿ. ಅದಕ್ಕ ಏಳನೇತ್ತೆ ಪಾಸಾದ ಈ ಕೈಲೆ ಪತ್ರ ಬರ್ಯಾಕತ್ತೇನಿ.

ನಿಮ್ಮ ಕಾಕು ಸತ್ತೆವ್ವ ಹಗಲೆಲ್ಲಾ ಒಂದಾ ಹಾಡು ಹಿಡದಾಳ. "ಹುಡುಗಿ ಸಿಟ್ಟಾಗ್ಯಾಳ, ನೀ ಏನರೆ ಮಾಡಿರತಿ." ನಾ ಏನು ಮಾಡೀನಿ? ಮಾಡಿದ್ದೆಲ್ಲಾ ನಿನ್ನ ಹೆಸರು ದೊಡ್ಡದಾಗೂ ಕೆಲಸ. ಹೇಳತೇನಿ ಕೇಳು.

ದೀಪಾವಳಿಗೆ ನೀ ನಿನ್ನ ಕಾಲೇಜಿನ ಎಂಟು ಹುಡುಗರನ್ನ ಕರಕೊಂಡು ಬಂದು, ನಮ್ಮ ಮೇಳದ ಜೋಡಿ ಕೂಡಿಸಿ, ಆ ಹೊಸಾ ಬಡಿತ ಕಲಿಸಿ ಹೋದಿ ಅಲ್ಲಾ, ಹನ್ನೊಂದು ಮಾತ್ರೆದ್ದು. ಎಂಟು ಏಟು ನೆಟ್ಟಗ ಹೋಗಿ, ಆಮ್ಯಾಲಿನ ಮೂರು ತಡವರಿಸಿ ಬೀಳತಾವ. ಅದನ್ನ ನಾ ಡಿಸೆಂಬರದಾಗ ಮೂಡಲಗಿ ಸವಾಲಿಗೆ ತಗೊಂಡು ಹೋದೆ. ಎದುರಿಗೆ ಮೂಡಲಗಿ ರಾಜಪ್ಪನ ಮೇಳ. ನಿನಗ ಗೊತ್ತೈತಿ, ಸವಾಲಿನ್ಯಾಗ ಹೊಸಾ ಬಡಿತ ಬಂದ್ರ ಎದುರಿನಾವ ಕೋಲು ಎತ್ತಿ ಕೇಳತಾನ, "ಈ ಬಡಿತ ಯಾರದು?" ಗುರುವಿನ ಹೆಸರು ಹೇಳಬೇಕು. ಹೇಳದಿದ್ರ ಸೋತಂಗ.

ನಾ ಎದಿ ಉಬ್ಬಿಸಿ ಹೇಳಿದೆ. "ನಮ್ಮ ಲಕ್ಷ್ಮಣಜ್ಜಂದು. ಅವಂಗ ಅವರಪ್ಪ, ಅವಂಗ ಅವರಜ್ಜ. ಏಳು ತಲಿಯಿಂದ ನಮ್ಮ ಮನಿತನದಾಗ ಐತಿ." ರಾಜಪ್ಪ ಎತ್ತಿದ ಕೋಲು ಇಳಿಸಿದ. ನಾವು ಗೆದ್ವಿ. ಅಲ್ಲೇ ಮೂಡಲಗಿಯಾಗ ಸಾಗರ ಅಂತ ಒಬ್ಬ ಹುಡುಗ ಮೊಬೈಲಿನ್ಯಾಗ ಚಾನೆಲ್ ನಡಸತಾನ. ಅವ ಅದನ್ನ ಹಾಕಿದ್ದಾ ತಡ, ನಲವತ್ತು ಸಾವಿರ ಮಂದಿ ನೋಡ್ಯಾರ. ನಿನ್ನ ಬಡಿತ ಏಳು ತಲಿ ಹಿಂದಕ್ಕ ಹೋತು, ನಲವತ್ತು ಸಾವಿರ ಮಂದಿ ಮುಂದಕ್ಕ ಬಂತು. ಇದಕ್ಕಿಂತ ಹೆಚ್ಚಿನ ಮರ್ಯಾದಿ ಯಾವ ಕಾಕಾ ಕೊಟ್ಟಾನ?

ಫೋನ್ ಎತ್ತು.

ಇಂತಿ ನಿನ್ನ ಕಾಕಾ,
ಡೊಳ್ಳಿನ ಹುಲಿ ಸಿದ್ರಾಯ


ಗೋಕಾಕ
೧೭ ಜನವರಿ ೨೦೨೫

ಕಾಕಾ,

ಫೋನಿನಲ್ಲಿ ನೀನು ಯಾರಿಗೂ ಮಾತಾಡಲು ಬಿಡುವುದಿಲ್ಲ. ಪತ್ರದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ. ಆದ್ದರಿಂದ ಪತ್ರವೇ ಒಳ್ಳೆಯದು. ಕೂತು ಪೂರಾ ಓದು.

ಧಾರವಾಡದಲ್ಲಿ ಆರು ವರ್ಷ ತಬಲಾ ಕಲಿತೆ. ಒಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಸೋಮವಾರದಿಂದ ಬುಧವಾರ ಗೋಕಾಕ, ಗುರುವಾರ ಶುಕ್ರವಾರ ಮೂಡಲಗಿ, ಶನಿವಾರ ಹುಕ್ಕೇರಿ. ಮೂರೂ ಕಡೆ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಅದೇ ಮನೆಗೆ ಹೋಗುವ ಅತಿಥಿ ಎಲ್ಲಾದರೂ ಇದ್ದಾರೇನು? ಬೇಸಿಗೆ ರಜೆಯಲ್ಲಿ ಪಗಾರ ಇಲ್ಲ. ಬಸ್ಸಿನಲ್ಲಿ ತಬಲಾದ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಹುಕ್ಕೇರಿ ಬಸ್ಸಿನ ಕಂಡಕ್ಟರ್, "ಇದಕ್ಕ ಅರ್ಧ ಟಿಕೀಟರೆ ತಗೋರಿ ಅಕ್ಕಾರ" ಎನ್ನುತ್ತಾನೆ.

ಈ ವರ್ಷಗಳಲ್ಲಿ ಹುಡುಗರಿಗಾಗಿ ಹದಿನಾಲ್ಕು ತಾಳವಾದ್ಯದ ರಚನೆ ಮಾಡಿದೆ. ಬಹುಮಾನ ಬಂದವು. ಎಲ್ಲದರ ಮೇಲೂ ಕಾಲೇಜಿನ ಹೆಸರು. ನನ್ನ ಹೆಸರು ಹಾಕಿ ಕೊಟ್ಟದ್ದು ಇದೊಂದೇ, ಈ ಹನ್ನೊಂದು ಮಾತ್ರೆಯದು.

ಒಂಬತ್ತು ವರ್ಷಕ್ಕೆ ಗೋಕಾಕದ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆ ಹೊರಬಿತ್ತು. ಸ್ವಂತ ರಚನೆಯೊಂದನ್ನು ಒಪ್ಪಿಸಬೇಕು ಎಂದಿತ್ತು. ಡಿಸೆಂಬರ್ ಇಪ್ಪತ್ತೆಂಟಕ್ಕೆ ಸಂದರ್ಶನ. ಮೇಜಿನ ಆಚೆ ಐದು ಜನ. ನಾನು ಬಾರಿಸಿ ಮುಗಿಸಿದೆ. ಅವರಲ್ಲೊಬ್ಬರು ಜೇಬಿನಿಂದ ಮೊಬೈಲ್ ತೆಗೆದು ನಿನ್ನ ವಿಡಿಯೋ ಹಚ್ಚಿದರು. ನಿನ್ನ ಮೀಸೆ, ನಿನ್ನ ಎದೆ, ನಿನ್ನ ಏಳು ತಲೆ.

"ಮೇಡಂ, ಇದು ನಿಮ್ಮ ಮುತ್ತಜ್ಜಂದು ಅಂತ ನಿಮ್ಮ ಕಾಕಾನ ಹೇಳಾಕತ್ತಾರಲ್ರಿ. ಹಂಗಾರ ನೀವು ಮಾಡಿದ್ದೇನು? ಬರಕೊಂಡಿದ್ದಾ?"

ಐವರೂ ನಕ್ಕರು. ನನ್ನ ಹೆಸರಿನ ಮುಂದೆ "ಸ್ವಂತ ರಚನೆ ಅಲ್ಲ" ಎಂದು ಬರೆದರು. ಫೆಬ್ರುವರಿ ಹನ್ನೆರಡರೊಳಗೆ ಲಿಖಿತ ವಿವರಣೆ ಕೊಡಬೇಕಂತೆ. ಇಲ್ಲವಾದರೆ ಹುದ್ದೆ ಹೋಗುವುದಷ್ಟೇ ಅಲ್ಲ, ಕದ್ದವಳು ಎಂಬ ಮಾತೂ ನನಗೆ ಅಂಟುತ್ತದೆ.

ಲಕ್ಷ್ಮಣ ಮುತ್ತಜ್ಜ ಡೊಳ್ಳಿನ ಸಪ್ಪಳ ತಾಳದೆ ಹಬ್ಬದ ದಿನ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿ ಕೂಡುತ್ತಿದ್ದ ಎಂದು ಅಪ್ಪ ಹೇಳುತ್ತಿದ್ದ. ಅವನಿಗೆ ನನ್ನ ರಚನೆ ಕೊಟ್ಟು ಬಂದೆಯಲ್ಲ.

ನಾಲ್ಕೇ ಸಾಲು ಬೇಕು ನನಗೆ. ಈ ಬಡಿತ ದ್ರಾಕ್ಷಾಯಿಣಿಯದು, ಮೂಡಲಗಿಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಬರೆದು ಸಹಿ ಮಾಡಿ ಕಳಿಸು. ಬೇರೆ ಏನೂ ಬರೆಯಬೇಡ.

ದ್ರಾಕ್ಷಾಯಿಣಿ


ದಡ್ಡಿ
೨೨ ಜನವರಿ ೨೦೨೫

ಚಿರಂಜೀವಿ ದ್ರಾಕ್ಷಾಯಿಣಿಗೆ,

ಸುಳ್ಳು ಅಂತ ಬರದಿ. ನಿನ್ನ ಅಕ್ಷರ ದುಂಡಗ ಛಂದ ಅದಾವ, ಅದಕ್ಕ ಆ ಶಬ್ದ ಇನ್ನೂ ಎದ್ದು ಕಾಣತೈತಿ.

ನಾ ನನ್ನ ಹೆಸರು ಹೇಳಿದ್ನೇನು? ಹೇಳಿದ್ರ ನಿನ್ನ ಚಪ್ಪಲಿ ನನ್ನ ತಲಿ. ಬದುಕಿದ್ದವರ ಹೆಸರು ಸವಾಲಿನ್ಯಾಗ ಹೇಳಾಕ ಬರೂದಿಲ್ಲ. ಹೇಳಿದ್ರ, "ನಿನ್ನಿ ಹುಟ್ಟಿದ ಬಡಿತಕ್ಕ ಬೇರು ಎಲ್ಲೈತಿ" ಅಂತ ಮಂದಿ ಎದ್ದು ಹೋಗತಾರ. ಬಡಿತ ಅಂದಮ್ಯಾಲ ಅದಕ್ಕೊಬ್ಬ ಸತ್ತ ಹಿರ್ಯಾ ಬೇಕು. ಇದು ನಮ್ಮ ಮೇಳದ ರೂಢಿ, ನಮ್ಮಪ್ಪ ಹಾಕಿದ್ದು. ಒಂದು ಮಾತು ಹೇಳತೇನಿ, ಸತ್ತೆವ್ವಗೂ ಹೇಳಿಲ್ಲ. ನಾವು ಬಾರಸೂ ಬಡಿತದಾಗ ನಾಲ್ಕು ನಾನಾ ಹುಟ್ಟಿಸಿದ್ದು. ನಾಲ್ಕೂ ನಮ್ಮಪ್ಪನ ಹೆಸರಿಗೆ ಹೋಗ್ಯಾವ. ನಾ ಯಾರ ಮುಂದರೆ ಅತ್ತೇನೇನು? ಮಗಾ ಮಾಡಿದ್ದು ಅಪ್ಪಂದು, ಮರಿಮೊಮ್ಮಗಳು ಮಾಡಿದ್ದು ಮುತ್ತಜ್ಜಂದು. ಇದರಾಗ ಕಳವು ಎಲ್ಲಿಂದ ಬಂತು?

ನಿಮ್ಮ ಕಾಲೇಜಿನ್ಯಾಗ ಉಲ್ಟಾ ಐತಿ. ಅಪ್ಪ ಇಲ್ಲದ್ದಾ ಇರಬೇಕಂತ. ಹಿರ್ಯಾರ ಹೆಸರು ಬಂದ್ರ ಕಿಮ್ಮತ್ತು ಕಡಿಮಿ ಆಕ್ಕೈತಂತ. ಆ ಐದು ಮಂದಿ ಕುರ್ಚಿ ಮ್ಯಾಲ ಕುಂತು ನಕ್ಕ್ರಂದ್ರ ನೀ ಅವರ ಮ್ಯಾಲ ಸಿಟ್ಟಾಗೂದು ಬಿಟ್ಟು, ಡೊಳ್ಳು ಹೊತ್ತು ಹೆಗಲು ತೂತಾದ ಕಾಕಾನ ಮ್ಯಾಲ ಆಗತಿ. ಎದುರಿಗೆ ಸಿಕ್ಕಾವ ಅಂದ್ರ ನಾ ಒಬ್ಬನಾ.

ಸಹಿ ಮಾಡೂದಿಲ್ಲ. ಯಾಕಂತ ತಿಳಕೊ. ಸವಾಲಿನ್ಯಾಗ ಹುಸಿ ಹೆಸರು ಹೇಳಿದ್ದು ಬಯಲಾದ್ರ ಗೆದ್ದದ್ದು ತಿರುಗಿ ಕೊಡಬೇಕು, ಡೊಳ್ಳು ಬೋರಲ ಹಾಕಿ ಒಂದು ವರ್ಷ ಕುಂದರಬೇಕು. ಮೂವತ್ತಾರು ವರ್ಷದಾಗ ನನ್ನ ಡೊಳ್ಳು ಬೋರಲ ಬಿದ್ದಿಲ್ಲ. ನಿಮ್ಮ ಅರ್ಜಿಗೆ ಒಂದು ಚೀಟಿ ಬೇಕಂತ ನಾ ರಾಜಪ್ಪನ ಮುಂದ ಮೂಗು ಕೊಯ್ಕೊಳ್ಳಲೇನು?

ಚೀಟಿ ಗೀಟಿ ಬ್ಯಾಡ. ನಾನಾ ಖುದ್ದ ಬಂದು ನಿಮ್ಮ ಪ್ರಿನ್ಸಿಪಾಲರಿಗೆ ತಿಳಿಸಿ ಹೇಳತೇನಿ. ಮುಂದಿನ ಮಾತು ನನಗ ಬಿಡು.

ಇಂತಿ,
ಮೂರು ತಾಲೂಕಿನ ಗಂಡುಗಲಿ
ಸಿದ್ರಾಯ


ಗೋಕಾಕ
೩೧ ಜನವರಿ ೨೦೨೫

ಸಿದ್ರಾಯ ಕಾಕಾ ಅವರಿಗೆ,

ಕಳೆದ ಶುಕ್ರವಾರ ನಾನು ಮೂಡಲಗಿಯಲ್ಲಿದ್ದೆ. ನೀವು ತಲೆಗೆ ಪಟಕಾ ಸುತ್ತಿ, ಮೇಳದ ಇಬ್ಬರನ್ನು ಕರೆದುಕೊಂಡು ಗೋಕಾಕದ ಕಾಲೇಜಿಗೆ ಬಂದಿರಿ. ಒಳಗೆ ನಡೆದದ್ದನ್ನು ಚಹಾ ಕೊಡಲು ಹೋಗಿದ್ದ ಸಿಪಾಯಿ ಶಿವಾನಂದ ನನಗೆ ಹೇಳಿದ.

"ನಿಮ್ಮ ಕಾಕಾ ಭಾಳ ಜೋರ ಅದಾರ್ರಿ ಮೇಡಂ. ಸಾಹೇಬ್ರಿಗೆ ಅಂದ್ರು, ಆಕಿಗೆ ಕೋಲು ಹಿಡಿಯಾಕ ಕಲಿಸಿದಾವ ನಾ, ಆಕಿ ಏನು ಬಾರಿಸಿದ್ರೂ ಅದು ನಮ್ಮ ಮನಿತನದ್ದಾ, ಹಂತಾ ಮನಿತನದ ಹುಡುಗಿಗೆ ನೌಕರಿ ಕೊಡದಾ ಇನ್ಯಾರಿಗೆ ಕೊಡತೀರಿ ಅಂತ. ಆಮ್ಯಾಲ ಮೇಜಿನ ಮ್ಯಾಲ ಬಾರಿಸಿ ತೋರಿಸಿದ್ರು. ಗಾಜು ಸೀಳಿ ಬಿಟ್ಟೈತಿ."

ನೀವು ನನಗೆ ಕೋಲು ಹಿಡಿಯಲು ಕಲಿಸಲಿಲ್ಲ. ಹೆಣ್ಣುಮಕ್ಕಳು ಮುಟ್ಟಬಾರದು ಎಂದು ಡೊಳ್ಳನ್ನು ಅಟ್ಟಕ್ಕೆ ಏರಿಸಿಟ್ಟವರು ನೀವು. ಈಗ ನನ್ನ ಕಡತದಲ್ಲಿ ಹೊಸ ಸಾಲು ಸೇರಿದೆ: "ಅರ್ಜಿದಾರರ ಚಿಕ್ಕಪ್ಪನವರು ಖುದ್ದಾಗಿ ಹಾಜರಾಗಿ, ಸದರಿ ರಚನೆ ಮನೆತನದ್ದೆಂದು ದೃಢಪಡಿಸಿದ್ದಾರೆ."

ಆ ರಚನೆ ಏನು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಈಗ ಹೇಳುತ್ತೇನೆ.

ನನಗೆ ಆರು ವರ್ಷ ಇದ್ದಾಗ ಹತ್ತರಗಿಯ ಹತ್ತಿರ ಕುರಿಗಳನ್ನು ಹೆದ್ದಾರಿ ದಾಟಿಸುವಾಗ ಲಾರಿ ಬಡಿದು ಅವ್ವನ ಬಲಗಾಲು ಮುರಿಯಿತು. ಒಂಬತ್ತು ಕುರಿ ಸತ್ತವು. ಮನೆಯಲ್ಲಿ ಕುರಿಗಳ ಮಾತೇ ಹೆಚ್ಚು ದಿನ ನಡೆಯಿತು. ಕಾಲು ಸೊಟ್ಟಗೆ ಕೂಡಿತು. ಆಮೇಲೆ ಹತ್ತೊಂಬತ್ತು ವರ್ಷ, ಸಾಯುವವರೆಗೆ, ಅವಳು ಅದೇ ಕಾಲಿನಲ್ಲಿ ಕುರಿಗಳ ಹಿಂದೆ ನಡೆದಳು. ಎಂಟು ಹೆಜ್ಜೆ ಸರಿಯಾಗಿ. ಅಷ್ಟರಲ್ಲಿ ನೋವು ಹತ್ತಿ, ಕೋಲೂರಿ, ಮೂರು ಹೆಜ್ಜೆ ಎಳೆತ. ಮತ್ತೆ ಎಂಟು. ಶಾಲೆಯಿಂದ ಬಂದ ಮೇಲೆ ಅವಳ ಬೆನ್ನ ಹಿಂದೆ ನಡೆಯುತ್ತಿದ್ದವಳು ನಾನು. ತಬಲಾ ನೋಡುವ ಮೊದಲೇ ಆ ಲೆಕ್ಕ ನನ್ನ ಕಾಲಿಗೆ ಬಂದಿತ್ತು.

ನೀವು ಅವಳನ್ನು "ಮೂರೂವರೆ ಕಾಲಿನ ವೈನಿ" ಎಂದು ಕರೆದು ಕೂತವರನ್ನೆಲ್ಲ ನಗಿಸುತ್ತಿದ್ದಿರಿ. ಅವಳೂ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ.

ನನ್ನ ಅವ್ವ ಕಾಶೆವ್ವನ ನಡಿಗೆಯನ್ನು ನೀವು ಅವಳ ಮುಖ ಸಹ ನೋಡದ ಗಂಡಸಿಗೆ ಬರೆದು ಕೊಟ್ಟಿರಿ. ಚೀಟಿ ಬೇಡ. ಪತ್ರವೂ ಬೇಡ.

ದ್ರಾಕ್ಷಾಯಿಣಿ
ಅತಿಥಿ ಉಪನ್ಯಾಸಕಿ, ಸಂಗೀತ ವಿಭಾಗ


ದಡ್ಡಿ
೫ ಫೆಬ್ರುವರಿ ೨೦೨೫

ದ್ರಾಕ್ಷಾಯಿಣಿ,

ಬ್ಯಾಡ ಅಂದಿದ್ದಿ, ಬರ್ಯಾಕತ್ತೇನಿ. ಓದದಾ ಹರದು ಒಗೀಬೇಕಂದ್ರ ಒಗಿ.

ನಿನ್ನ ಪತ್ರ ಸತ್ತೆವ್ವನ ಮುಂದ ಓದಿದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ಲು. ಕೈ ನಿಲ್ಲಿಸಲಿಲ್ಲ. ನಾ ಓದಿ ಮುಗಿಸಿದಮ್ಯಾಲ ಅಂದ್ಲು, "ಇದು ನಿನಗ ಈಗ ಗೊತ್ತಾತು?"

"ಅಂದ್ರ? ನಿನಗ ಮದಲಾ ಗೊತ್ತಿತ್ತು?"

"ದೀಪಾವಳ್ಯಾಗ ಹುಡುಗಿ ತಬಲಾದ ಮ್ಯಾಲ ಬಾರಿಸಿ ತೋರಿಸಿದ್ಲಲ್ಲಾ, ಅವತ್ತ ಹಟ್ಟಿ ಹೆಂಗಸರಿಗೆಲ್ಲಾ ಗೊತ್ತಾತು. ದುಂಡವ್ವ ಸೆರಗು ಬಾಯಾಗ ತುರಕೊಂಡು ಅತ್ಲು. ಕಾಶೆವ್ವ ಏರಿ ಮ್ಯಾಲ ಬಂದಂಗ ಆತು ಅಂದ್ಲು."

"ನನಗ್ಯಾಕ ಹೇಳಲಿಲ್ಲ?"

"ನೀ ಆವಾಗ ಮೀಸಿ ತಿರವಾಕತ್ತಿದ್ದಿ."

ನನಗ ಸಿಟ್ಟು ನೆತ್ತಿಗೇರಿತು. ಆಕಿ ಮ್ಯಾಲ, ನಿನ್ನ ಮ್ಯಾಲ, ಆ ಐದು ಮಂದಿ ಮ್ಯಾಲ. ಎದ್ದು ಹೋಗಿ ಕಾಳಿನ ಡಬ್ಬಿ ಮ್ಯಾಲ ಬೆರಳಲೆ ಬಾರಿಸಿದೆ. ಎಂಟು. ಆಮ್ಯಾಲ ಮೂರು. ಮತ್ತ ಎಂಟು. ಎರಡನೇ ಸುತ್ತಿಗೆ ಕೈ ನಿಂತು ಬಿಡ್ತು. ಈ ಕಿವಿ ಹರದು ಹೊಳಿಗೆ ಒಗೀಬೇಕು ಅನಸ್ತು. ಮೂಡಲಗ್ಯಾಗ ಆರುನೂರು ಮಂದಿ ಮುಂದ ನಾ ವೈನಿ ನಡಿಗಿ ಬಾರಿಸೀನಿ, ನನಗ ಆಕಿ ಗುರ್ತ ಸಿಕ್ಕಿಲ್ಲ. ಡೊಳ್ಳಿನ ಹುಲಿ ಅಂತ. ಯಾವ ಹುಲಿ? ಕುರಿಗೂ ಆಕಿ ಹೆಜ್ಜಿ ಗುರ್ತ ಇತ್ತು, ಆಕಿ ಬರೂದಕ್ಕ ಹಟ್ಟ್ಯಾಗಿನ ಮರಿ ಕಿವಿ ಎತ್ತತಿದ್ವು.

ಲಾರಿ ಬಡದ ದಿನ ಆಕಿ ಜೋಡಿ ನಾ ಇರಬೇಕಿತ್ತು. ಇರಲಿಲ್ಲ. ಯಮಕನಮರಡ್ಯಾಗ ಸವಾಲಿಗೆ ಹೋಗಿದ್ದೆ. ಆ ಮೂರೂವರೆ ಕಾಲಿನ ಮಾತು ನಾ ಯಾಕ ಆಡತಿದ್ದೆ ಅಂತ ಈಗ ನನಗ ತಿಳೀತೈತಿ. ಆಕಿ ನಕ್ಕ್ರ ಆಕಿಗೆ ನನ್ನ ಮ್ಯಾಲ ಸಿಟ್ಟಿಲ್ಲ ಅಂತ ನಾ ತಿಳಕೊಂತಿದ್ದೆ. ಬರದು ಬಿಟ್ಟೀನಿ, ಹೊಡದು ಹಾಕೂದಿಲ್ಲ.

ನಾಲ್ಕು ಸಾಲು ಬರದು ಸಹಿ ಮಾಡಿ ಇದರಾಗ ಇಟ್ಟೇನಿ. ಆದ್ರ ಅದು ಸಾಲೂದಿಲ್ಲ ಅಂತ ನನಗ ಗೊತ್ತೈತಿ. ಹೆಂಡತಿ ಬೈದಳಂತ ಬರದಾನ ಅಂತಾರ ನಿಮ್ಮ ಕುರ್ಚಿ ಮಂದಿ. ಸುಳ್ಳು ಮಂದಿ ನಡುವ ಹೇಳೀನಿ, ಖರೆನೂ ಮಂದಿ ನಡುವನಾ ಹೇಳಬೇಕು. ಎಂಟನೇ ತಾರೀಖಿಗೆ ಯಮಕನಮರಡ್ಯಾಗ ಸವಾಲು ಐತಿ. ರಾಜಪ್ಪ ಬರತಾನ. ಸಾಗರಗೂ ಬಾ ಅಂದೇನಿ.

ಸಿದ್ರಾಯ


ದಡ್ಡಿ
೧೦ ಫೆಬ್ರುವರಿ ೨೦೨೫

ದ್ರಾಕ್ಷಾಯಿಣಿ,

ಈ ಪತ್ರ ಗೋಕಾಕ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟೇನಿ. ಟಪಾಲಿಗೆ ಹಾಕಿದ್ರ ಹನ್ನೆರಡು ದಾಟತೈತಿ.

ಮೊನ್ನಿ ಯಮಕನಮರಡ್ಯಾಗ ನಿನ್ನ ಬಡಿತ ಬಾರಿಸಿದ್ವಿ. ರಾಜಪ್ಪ ರೂಢಿ ಪ್ರಕಾರ ಕೋಲು ಎತ್ತಿದ. ಉತ್ತರ ಅವಂಗ ಗೊತ್ತಿತ್ತು, ಸುಮ್ಮ ಕೇಳಿದ. "ಈ ಬಡಿತ ಯಾರದು?"

ನಾ ಅಂದೆ, "ನಮ್ಮಣ್ಣ ಕಲ್ಲಪ್ಪನ ಮಗಳು ದ್ರಾಕ್ಷಾಯಿಣಿದು. ಬದುಕ್ಯಾಳ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆ ಕಾಲೇಜಿನ್ಯಾಗ ಕಲಸತಾಳ. ಇದು ಅವರವ್ವ ಕಾಶೆವ್ವ ಕುರಿ ಹಿಂದ ನಡದ ನಡಿಗಿ."

ರಾಜಪ್ಪ ಅಂದ, "ಹೆಣಮಗಳ ಹೆಸರು ಹೇಳತಿ, ಅದೂ ಬದುಕಿದಾಕಿದು. ಹಂಗಾರ ಮೂಡಲಗ್ಯಾಗ ಹೇಳಿದ್ದು?"

"ಸುಳ್ಳು."

"ಇನ್ನೊಮ್ಮೆ ಹೇಳು, ಹಿಂದಿನವರಿಗೆ ಕೇಳಿಲ್ಲ."

ಅವ ನಗಾಕತ್ತಿದ್ದ. ನಾ ಹಿಂದಿನವರಿಗೂ ಕೇಳೂವಂಗ ಒದರಿದೆ. ನಮ್ಮ ಮೇಳದವರಾ ನನಗ ಬೈದ್ರು. ಒಬ್ಬ ಕೋಲು ನನ್ನ ಕಾಲಾಗ ಒಗದು ಹೋದ. ಡೊಳ್ಳು ಕೊಳ್ಳಿಂದ ತಗದು ನಾನಾ ಬೋರಲ ಹಾಕಿದೆ. ಮುಂದಿನ ಫೆಬ್ರುವರಿ ತನಕ ಮುಟ್ಟಾಂಗಿಲ್ಲ. ಮೂಡಲಗ್ಯಾಗ ಗೆದ್ದದ್ದು ಐವತ್ತೊಂದು ಸಾವಿರ ರೂಪಾಯಿ ಅಲ್ಲೇ ಎಲ್ಲಾರ ಮುಂದ ರಾಜಪ್ಪನ ಕೈಯಾಗ ಎಣಿಸಿ ಕೊಟ್ಟೆ. ನೋಟಿನ ಕಟ್ಟು ನೋಡಿ ಅವನ ಕೈ ನಡುಗಿದ್ವು.

ಸಾಗರಗ ಹಳೇ ವಿಡಿಯೋ ತಗಿ ಅಂದೆ. "ಕಾಕಾ, ನಲವತ್ತು ಸಾವಿರ ಮಂದಿ ನೋಡ್ಯಾರ, ತಗ್ಯಾಕ ಹೊಟ್ಟಿ ಉರೀತೈತಿ" ಅಂದ. ತಗಿಯಲಿಲ್ಲ. ಹೊಸಾದು ಹಾಕ್ಯಾನ. ನಿಮ್ಮ ಐದು ಮಂದಿಗೆ ತೋರಸು.

ಸಿದ್ರಾಯ


ಗೋಕಾಕ
೩ ಮಾರ್ಚ್ ೨೦೨೫

ಕಾಕಾ,

ಹನ್ನೆರಡರಂದು ನಿನ್ನ ಚೀಟಿಯನ್ನೂ ಹೊಸ ವಿಡಿಯೋವನ್ನೂ ಒಪ್ಪಿಸಿದೆ. ಮೇಜಿಗೆ ಹೊಸ ಗಾಜು ಹಾಕಿಸಿದ್ದರು. ಮೊಬೈಲ್ ತೆಗೆದಿದ್ದವರು ಪೂರಾ ನೋಡಿದರು. "ನಿಮ್ಮ ಕಾಕಾ ಡಿಸೆಂಬರದಾಗ ಒಂದು ಹೇಳ್ಯಾರ, ಜನವರ್ಯಾಗ ಅದನ್ನಾ ಬಂದು ಗಟ್ಟಿ ಮಾಡ್ಯಾರ, ಫೆಬ್ರುವರ್ಯಾಗ ಬ್ಯಾರೆ ಹೇಳ್ಯಾರ. ಮಾರ್ಚಿನ್ಯಾಗ ಏನು ಹೇಳತಾರೋ" ಎಂದರು. ಈ ಸಲ ಯಾರೂ ನಗಲಿಲ್ಲ, ಅದೊಂದೇ ವ್ಯತ್ಯಾಸ.

ಹುದ್ದೆ ಬೇರೆಯವರಿಗೆ ಹೋಯಿತು. ಕಡತದಲ್ಲಿದ್ದ "ಸ್ವಂತ ರಚನೆ ಅಲ್ಲ" ಎಂಬುದನ್ನು ಹೊಡೆದು, "ರಚನೆ: ದ್ರಾಕ್ಷಾಯಿಣಿ" ಎಂದು ಬರೆದು ಸಹಿ ಮಾಡಿದ್ದಾರೆ. ಕದ್ದವಳು ಎಂಬ ಮಾತು ಅಳಿದುಹೋಯಿತು. ನಾನು ಮತ್ತೆ ಸೋಮವಾರ ಗೋಕಾಕ, ಗುರುವಾರ ಮೂಡಲಗಿ, ಶನಿವಾರ ಹುಕ್ಕೇರಿ. ಹಳೆಯ ವಿಡಿಯೋ ಈಗ ನಲವತ್ತಮೂರು ಸಾವಿರ ಆಗಿದೆ. ಹೊಸದನ್ನು ಮುನ್ನೂರ ಹನ್ನೆರಡು ಜನ ನೋಡಿದ್ದಾರೆ. ಅದರಲ್ಲಿ ಇಪ್ಪತ್ತು ಸಲ ನಾನೇ.

ಲಾರಿ ಬಡಿದ ದಿನ ನೀನು ಎಲ್ಲಿದ್ದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಅವ್ವ ಹೇಳಿದ್ದಳು. ನಿನಗೆ ಹೇಳಬೇಡ ಎಂದೂ ಹೇಳಿದ್ದಳು.

ನನ್ನ ಸಿಟ್ಟು ಹೋಗಿಲ್ಲ. ಹೋಯಿತೆಂದು ಹಬ್ಬಕ್ಕೆ ಕರೆಯಬೇಡ. ಆದರೆ ಒಂದು ವಿಷಯ ಮನಸ್ಸಿಗೆ ಹತ್ತಿಕೊಂಡಿದೆ. ಐವತ್ತೊಂದು ಸಾವಿರ ಎಲ್ಲಿಂದ ತಂದೆ? ಕುರಿ ಮಾರಿದೆಯಾ? ಕಾಕುನ ಕೊರಳಿನ ಚಿನ್ನದ ಬೋರಮಾಳ ಅಡವಿಟ್ಟೆಯಾ? ನನ್ನಿಂದ ಆ ಮನೆಯಲ್ಲಿ ಏನಾದರೂ ಹೋಗಿದ್ದರೆ ತಿಂಗಳಿಗೆ ಇಷ್ಟು ಎಂದು ನಾನು ಕಳಿಸುತ್ತೇನೆ. ನಿಜ ಬರೆ.

ದ್ರಾಕ್ಷಾಯಿಣಿ


ದಡ್ಡಿ
೯ ಮಾರ್ಚ್ ೨೦೨೫

ಚಿರಂಜೀವಿ ದ್ರಾಕ್ಷಾಯಿಣಿಗೆ,

ನೌಕರಿ ಬ್ಯಾರೆಯವರಿಗೆ ಹೋತು ಅಂತ ಓದಿದೆ. ಆ ಕಾಲೇಜಿಗೆ ಬಾಯಿ ತುಂಬ ಬೈಬೇಕಂತ ಪೆನ್ನು ಹಿಡದೆ. ಒಂದು ಹಾಳಿ ಬೈದೆ. ಓದಿದ್ರ, ಬೈದದ್ದೆಲ್ಲಾ ತಿರುಗಿ ನನಗಾ ಹತ್ತತೈತಿ. ಅವರು ಕೇಳಿದ್ದು ಬರಕೊಂಡ್ರು. ಹೇಳಿದಾವ ನಾ. ಎರಡು ಸಲ ಒಂದು, ಮೂರನೇ ಸಲ ಬ್ಯಾರೆ ಹೇಳಿದಾವ ನಾ. ಹಾಳಿ ಹರದು ಒಲಿಗೆ ಹಾಕಿದೆ.

ವೈನಿಗೆ ಗೊತ್ತಿತ್ತು ಅಂತ ಬರದಿ. ಅದನ್ನ ಸತ್ತೆವ್ವಗೂ ಓದಿ ಹೇಳಿಲ್ಲ.

ಹಬ್ಬಕ್ಕ ಕರಿಯೂದಿಲ್ಲ. ನೀನಾ ಬರೂದು ಇದ್ರ ಬಾ. ಡೊಳ್ಳು ಅಟ್ಟದಿಂದ ಇಳಿಸಿ ಪಡಸಾಲ್ಯಾಗ ಇಟ್ಟೇನಿ. ನಾ ಮುಟ್ಟಾಂಗಿಲ್ಲ, ನೀ ಮುಟ್ಟಬಹುದು. ಮೇಳದ ಮಂದಿ ಏನರೆ ಅಂದ್ರ ಅವರ ಬಾಯಿಗೆ ನಾ ಅದೀನಿ.

ಇನ್ನ ನೀ ಕೇಳಿದ ಮಾತು. ಕುರಿ ಮಾರಿಲ್ಲ, ಅರವತ್ತೂ ಅದಾವ. ಬೋರಮಾಳ ನಿಮ್ಮ ಕಾಕುನ ಕೊಳ್ಳಾಗ ಐತಿ. ಊರಾಗ ಎಲ್ಲಾರಿಗೂ ಐವತ್ತೊಂದು ಸಾವಿರ ಅಂತ ಹೇಳೇನಿ. ಹತ್ತರಗ್ಯಾಗ ಚಹಾದ ಅಂಗಡಿಯಾಗ ಒಬ್ಬಾವ, ಎಪ್ಪತ್ತೈದು ಅಂತ ಕೇಳೀನಲ್ಲಾ ಅಂದ, ಇರಬಹುದು ಅಂದೆ. ದೊಡ್ಡ ಸುಳ್ಳಿಗೆ ದೊಡ್ಡ ದಂಡ ಕಟ್ಟೇನಿ ಅಂತ ಮಂದಿ ತಿಳಕೊಳ್ಳಲಿ ಅಂತ ಒಂದು ಆಸೆ ಇತ್ತು. ನಿನ್ನ ಮುಂದನೂ ಅದನ್ನಾ ಬರದೆ. ನೋಟಿನ ಕಟ್ಟು ಇರಲಿಲ್ಲ, ರಾಜಪ್ಪನ ಕೈ ನಡುಗಲಿಲ್ಲ. ಅವ ತಗೊಳ್ಳಾಕ ನಾಚಿಕೊಂಡು, "ಇಟ್ಕೋ ಸಿದ್ರಾಯ, ಬಸ್ ಚಾರ್ಜಿಗೆ ಆಕ್ಕೈತಿ" ಅಂದ. ನಾ ಅವನ ಅಂಗಿ ಕಿಸೇದಾಗ ತುರಕಿ ಬಂದೆ.

ತಿಂಗಳಿಗೆ ಇಷ್ಟು ಅಂತ ಏನೂ ಕಳಿಸಬ್ಯಾಡ. ನಿಂದು ಒಂಬತ್ತು ವರ್ಷ ಕಾದ ನೌಕರಿ ಹೋತು. ನಂದು ಹೋಗಿದ್ದು ಎರಡು ಸಾವಿರದ ಒಂದು ರೂಪಾಯಿ.

ನಿನ್ನ ಕಾಕಾ,
ಸಿದ್ರಾಯ